ಗಣಿತವನ್ನು ಆಮೇಲೆ ಬರೆದಳು: ಎನ್‌ಐಒಎಸ್ ಹತ್ತನೇ ತರಗತಿ

ಮಗಳನ್ನು ಮುಕ್ತ ಶಾಲೆಯಲ್ಲಿ ಓದಿಸಿದ್ದಕ್ಕೆ ಕೊಡಗಿನ ಮಾದಾಪುರ, ಸೋಮವಾರಪೇಟೆ ಕಡೆಯ ತಾಯಂದಿರು ನನ್ನನ್ನು ವಿಚಾರಿಸುತ್ತಿರುತ್ತಾರೆ. ಧೈರ್ಯವಾಗಿ ಸೇರಿಸಿ ಎಂದೇ ಹೇಳುತ್ತೇನೆ.

ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮಂಡಳಿ, 1989ರಿಂದ ಇದೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಪುಸ್ತಕದ ಪಿಡಿಎಫ್ ಅವರ ತಾಣದಲ್ಲಿ ಉಚಿತ. ವಿಡಿಯೊ ಪಾಠಗಳು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ 'ಸ್ವಯಂ'ನಲ್ಲಿವೆ. ಪರೀಕ್ಷೆಗೆ, ವಿಜ್ಞಾನದ ಪ್ರಯೋಗಕ್ಕೆ ಮಾತ್ರ ಕೇಂದ್ರಕ್ಕೆ ಹೋಗಬೇಕು.

ನನ್ನ ಮಗಳಿಗೆ ಗಣಿತ ಅಂದರೆ ಕೈಕಾಲು ನಡುಕ. ತರಗತಿಯಲ್ಲಿ ಅರ್ಥವಾಗದಿದ್ದರೂ ಸುಮ್ನೆ ಕೂತಿರುತ್ತಿದ್ದಳು, ಪಾಠ ಮುಂದೆ ಹೋಗಿಬಿಡುತ್ತಿತ್ತು. ಮನೆಯಲ್ಲಿ ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಎಳೆದು, ತ್ರಿಕೋನಮಿತಿಯ ಒಂದೇ ಲೆಕ್ಕವನ್ನು ತಲೆಗೆ ಹತ್ತುವವರೆಗೂ ನೋಡಿದಳು. ಇನ್ನೊಂದು ಸಲ ಹೇಳಿ ಎಂದು ಯಾರನ್ನೂ ಕೇಳುವ ಸಂಕೋಚವಿಲ್ಲ, ಅಲ್ವಾ? ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಎಲ್ಲ ವಿಷಯ ಒಟ್ಟಿಗೆ ಬರೆಯಲೇಬೇಕೆಂದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಉಳಿದ ವಿಷಯಗಳನ್ನು ಬರೆದಳು. ಗಣಿತಕ್ಕೆ ಮಳೆಗಾಲವಿಡೀ ಓದಿ, ಅಕ್ಟೋಬರ್‌ನಲ್ಲಿ ಕೂತಳು. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ಒಮ್ಮೆ ನೋಂದಾಯಿಸಿದರೆ 5 ವರ್ಷ, 9 ಅವಕಾಶ. ಈ ನಿರಾಳತೆಯೇ ಅವಳ ಭಯ ಬಿಡಿಸಿದ್ದು. ಫಲಿತಾಂಶ ನೋಡಿ ನಾನು ಅತ್ತೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಜೋರು ಮಳೆಯಲ್ಲಿ ಮಕ್ಕಳನ್ನು ಬಸ್ಸಿಗೆ ಕಳಿಸಿ ಸಂಜೆವರೆಗೆ ಕಾಯುವ ಹೆದರಿಕೆಯೂ ತಪ್ಪಿತು.

ಕಷ್ಟ ಇಲ್ಲವೆಂದಲ್ಲ. ಕರೆಂಟ್ ಹೋದರೆ ನಮ್ಮ ಕಡೆ ನೆಟ್‌ವರ್ಕೂ ಹೋಗುತ್ತದೆ. ಜೂನ್‌ಗೆ ಮೊದಲೇ ಪಿಡಿಎಫ್ ಎಲ್ಲ ಇಳಿಸಿಟ್ಟುಕೊಳ್ಳಿ, ಆಗುವಷ್ಟು ಪ್ರಿಂಟ್ ತೆಗೆಸಿ. ವಿಜ್ಞಾನದ ಪ್ರಯೋಗ ಮನೆಯಲ್ಲಿ ಆಗುವುದಲ್ಲ, ಅದಕ್ಕೆ ಅಧ್ಯಯನ ಕೇಂದ್ರಕ್ಕೇ ಹೋಗಬೇಕು. ಜೊತೆಗಾರರ ಕೊರತೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ನಾವು ಸಂಜೆ ಹಾಕಿ ಆಟಕ್ಕೆ ಕಳಿಸುತ್ತಿದ್ದೆವು. ಅದಿಲ್ಲದೆ ಇಡೀ ದಿನ ಪರದೆ ಮುಂದೆ ಕೂರಿಸುವುದಾದರೆ ಬೇಡ. ತಾನಾಗಿ ಪುಸ್ತಕ ತೆರೆಯದ ಮಗುವಿಗೂ ಇದು ಹೊಂದುವುದಿಲ್ಲ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಬೇಕು.

ಮನೆಯಲ್ಲಿ ಬರೆದು ಒಪ್ಪಿಸುವ ಟಿಎಂಎ ಎಂಬ ಅಸೈನ್‌ಮೆಂಟ್‌ಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಥಿಯರಿಯ ಶೇ. 20 ಅಂಕ ಅದರಿಂದಲೇ ಬರುತ್ತದೆ. ಪಿಯುಸಿಗೆ ಸೇರಿಸುವಾಗ ಅಂಕಪಟ್ಟಿಯ ಜೊತೆ ಮೈಗ್ರೇಷನ್ ಸರ್ಟಿಫಿಕೇಟನ್ನೂ (ಬೇರೆ ಮಂಡಳಿಗೆ ಸೇರಲು ಬೇಕಾದ ಪತ್ರ) ಕೊಂಡೊಯ್ಯಿರಿ.