ಮೈಸೂರು ಸ್ಯಾಂಡಲ್ ಸಾಬೂನು: ಬದಲಾಗದ ಬೆಳಗಿನ ಸ್ನಾನ

ನಮ್ಮ ಬಚ್ಚಲಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದು ಎಷ್ಟೋ ವರ್ಷಗಳಾದರೂ ಗೋಡೆಯ ಗೂಡಿನಲ್ಲಿರುವ ಸಾಬೂನು ಮಾತ್ರ ಅಜ್ಜಿಯ ಕಾಲದ್ದೇ. ಮೊದಲನೆಯ ಮಹಾಯುದ್ಧದ ದೆಸೆಯಿಂದ ಯುರೋಪಿಗೆ ಸಾಗಬೇಕಿದ್ದ ಶ್ರೀಗಂಧ ಮೈಸೂರು ಸಂಸ್ಥಾನದಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸಾಬೂನಿನ ತಯಾರಿಕೆಯೂ ಮೊದಲಾಯಿತು.

ರಟ್ಟಿನ ಡಬ್ಬಿಯನ್ನು ತೆರೆದು ತೆಳುಕಾಗದವನ್ನು ಬಿಡಿಸಿದರೆ ಅಂಡಾಕಾರದ ಬಿಲ್ಲೆ, ಅದರ ಗುರುತಾಗಿ ಆನೆಯ ಮುಖವೂ ಸಿಂಹದ ಮೈಯೂ ಇರುವ ಶರಭ. ಮೊದಲ ಎರಡು ದಿನ ಶರಭದ ಗೆರೆಗಳು ಬೆರಳಿಗೆ ತಾಗುತ್ತವೆ, ಆಮೇಲೆ ಸವೆದುಹೋಗುತ್ತವೆ. ನೊರೆ ಹದವಾಗಿದೆ, ಪರಿಮಳವಂತೂ ಮೈ ಒರೆಸಿಕೊಂಡ ಟವೆಲಿನಲ್ಲಿ ಮಧ್ಯಾಹ್ನದವರೆಗೂ ನಿಲ್ಲುತ್ತದೆ. ನೀರು ಬಸಿಯದ ತಟ್ಟೆಯಲ್ಲಿಟ್ಟು ಒಂದು ಬಿಲ್ಲೆಯನ್ನು ನಾನೇ ಮುದ್ದೆ ಮಾಡಿಕೊಂಡಿದ್ದೇನೆ, ಆ ತಪ್ಪು ಸಾಬೂನಿನದಲ್ಲ. ತೂತಿರುವ ತಟ್ಟೆಯಲ್ಲಿಟ್ಟರೆ ಒಬ್ಬರಿಗೆ ತಿಂಗಳವರೆಗೆ ಧಾರಾಳವಾಗಿ ಬಾಳುತ್ತದೆ. ಗಾಢವಾದ ಸುವಾಸನೆಯನ್ನು ಸಹಿಸದವರಿಗೆ ಇದನ್ನು ಶಿಫಾರಸು ಮಾಡಲಾರೆ. ಖಾಲಿ ಡಬ್ಬಿಯನ್ನು ಎಸೆಯುವುದು ಬೇಡ. ರೇಷ್ಮೆ ಸೀರೆಗಳಿರುವ ಬೀರುವಿನಲ್ಲಿ ಅದನ್ನು ಇಡುವ ಅಜ್ಜಿಯ ಪದ್ಧತಿಯನ್ನು ನಾವು ಇಂದಿಗೂ ಬಿಟ್ಟಿಲ್ಲ.