ಸ್ಟುಡಿಯೋದ ಸಿಪಿಯುವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಅದರಲ್ಲೂ ನಮ್ಮ ರಾಯಚೂರಿನ ಬಿಸಿಲಲ್ಲಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ದಯವಿಟ್ಟು ಇದನ್ನು ಓದಿ. ಕಂಪ್ಯೂಟರ್ ಫ್ಯಾನಿನ ಸದ್ದು ಮೈಕಿಗೆ ಬೀಳಬಾರದು ಅಂತ ನಾನು ಸಿಪಿಯುವನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದ್ದೆ. ಹಾರ್ಡ್ ಡಿಸ್ಕ್ ಹೋಯಿತು. ಅದರ ಜೊತೆ ಚಿಗವ್ವನ ಹಾಡುಗಳೂ ಹೋದವು. ಇಂಥ ಪೆಟ್ಟಿಗೆ ಮಾಡಿಸುವ ಯೋಚನೆ ನಿಮಗಿದ್ದರೆ ಇವತ್ತೇ ಬಿಟ್ಟುಬಿಡಿ.

ನಮ್ಮ ಮನೆ ರಾಯಚೂರಿನಲ್ಲಿ. ಮಹಡಿ ಮೇಲಿನ ಸಣ್ಣ ಕೋಣೆಯೇ ಸ್ಟುಡಿಯೋ. ಚಿಗವ್ವ ಮಾನ್ವಿ ಕಡೆಯ ಹಳ್ಳಿಯವಳು. ಬೀಸುವ ಪದ, ಸೋಬಾನೆ ಪದ ಹಾಡುತ್ತಾಳೆ. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಬರೀ ದನಿ. ಒಂದು ಸಾಲು ಮುಗಿಸಿ ಉಸಿರು ತಗೊಳ್ಳುವಾಗ ಅಲ್ಲಿ ಏನೂ ಕೇಳಬಾರದು. ನನ್ನ ರೆಕಾರ್ಡಿಂಗಿನಲ್ಲಿ ಆ ಜಾಗದಲ್ಲೆಲ್ಲ ಗುಂಯ್ ಅನ್ನುವ ಸದ್ದು. ಹೆಡ್‌ಫೋನ್ ಹಾಕಿ ಕೇಳಿಸಿದರೆ ಚಿಗವ್ವ, “ತಮ್ಮಾ, ಹಿಂದ ಯಾರ ಮನ್ಯಾಗ ಗಿರಣಿ ಹಚ್ಯಾರ?” ಅಂದಳು.

ಸಾಫ್ಟ್‌ವೇರಿನಲ್ಲಿ ಸದ್ದು ತೆಗೆದು ನೋಡಿದೆ. ಸ್ವಲ್ಪ ತೆಗೆದರೆ ಪರವಾಗಿಲ್ಲ. ಜಾಸ್ತಿ ತೆಗೆದರೆ ಹಾಡುವವರ ಉಸಿರೂ ಅಳಿಸಿಹೋಗುತ್ತದೆ, ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ.

ಆಗ ಹೊಳೆದದ್ದು ಪೆಟ್ಟಿಗೆ. ಪರಿಚಯದ ಬಡಗಿಯಿಂದ ಪ್ಲೈವುಡ್‌ನಲ್ಲಿ ಮಾಡಿಸಿದೆ. ಒಳಗೋಡೆಗೆ ಥರ್ಮಕೋಲ್, ಅದರ ಮೇಲೆ ಫೋಮ್. ವೈರ್ ಹೋಗಲು ಒಂದೇ ಒಂದು ತೂತು. ಅದು ಸಂಕ್ರಾಂತಿ ಮುಗಿದ ವಾರ. ಬಾಗಿಲು ಹಾಕುತ್ತಿದ್ದಂತೆ ಸದ್ದು ಅರ್ಧಕ್ಕಿಂತ ಕಡಿಮೆ ಆಯಿತು. ಅರ್ಧ ಗಂಟೆ ರೆಕಾರ್ಡ್ ಮಾಡಿದೆ, ಏನೂ ತೊಂದರೆ ಕಾಣಲಿಲ್ಲ. ಚಳಿಗಾಲದ ಆ ಅರ್ಧ ಗಂಟೆಯನ್ನು ನಂಬಿದ್ದೇ ತಪ್ಪು.

ಥರ್ಮಕೋಲ್ ತಡೆಯುವುದು ಸದ್ದನ್ನಲ್ಲ, ಬಿಸಿಯನ್ನು. ಮೀನು ಮಾರುವವರು ಐಸ್ ಕರಗದಿರಲಿ ಅಂತ ಥರ್ಮಕೋಲ್ ಡಬ್ಬಿ ಇಟ್ಟುಕೊಳ್ಳುತ್ತಾರಲ್ವಾ? ಅಲ್ಲಿ ಹೊರಗಿನ ಬಿಸಿ ಒಳಗೆ ಬರುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಒಳಗಿನ ಬಿಸಿ ಹೊರಗೆ ಹೋಗಲಿಲ್ಲ. ಕಂಪ್ಯೂಟರ್ 200 ವ್ಯಾಟ್ ಕರೆಂಟ್ ಎಳೆದರೆ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಬಿಸಿಯೇ ಆಗುತ್ತದೆ. ಹಳೇ ಕಾಲದ 100 ವ್ಯಾಟಿನ ಎರಡು ಬಲ್ಬನ್ನು ಆ ಡಬ್ಬಿಯೊಳಗೆ ಹಚ್ಚಿಟ್ಟ ಹಾಗೆ. ಇನ್ನು ಫೋಮ್. ಅದು ಸುಂಯ್ ಅನ್ನುವ ಸಣ್ಣ ಸದ್ದನ್ನು ಹೀರುತ್ತದೆ. ಗುಂಯ್ ಅನ್ನುವ ದಪ್ಪ ಸದ್ದು ಅದನ್ನು ದಾಟಿಕೊಂಡೇ ಬರುತ್ತದೆ. ಮೇಲಾಗಿ ಸಾಧಾರಣ ಫೋಮ್‌ಗೆ ಬೇಗ ಬೆಂಕಿ ಹತ್ತುತ್ತದೆ. ಬಿಸಿಯಾಗುವ ಯಂತ್ರದ ಸುತ್ತ ಅದನ್ನು ಅಂಟಿಸಿದ್ದೆ ಅಂತ ನೆನೆದರೆ ಈಗಲೂ ಭಯ ಆಗುತ್ತದೆ.

ಮೇ ತಿಂಗಳಲ್ಲಿ ಚಿಗವ್ವ ಮದುವೆಗೆ ಬಂದವಳು ಮೂರು ದಿನ ಉಳಿದಳು. ಹೊರಗೆ 42 ಡಿಗ್ರಿ. ಸದ್ದಾಗುತ್ತದೆ ಅಂತ ಕೂಲರ್ ಬಂದ್, ಸೀಲಿಂಗ್ ಫ್ಯಾನ್ ಬಂದ್. ಆ ಸೆಕೆಯಲ್ಲೂ ಆಕೆ ಬೇಸರಿಸದೆ 14 ಪದ ಹಾಡಿದಳು. ಮೂರನೇ ದಿನ ಮಧ್ಯಾಹ್ನ ಪೆಟ್ಟಿಗೆಯೇ ಭೋರ್ ಅನ್ನಲು ಶುರುವಾಯಿತು. ಒಳಗೆ ಬಿಸಿ ಏರಿದಷ್ಟೂ ಸಿಪಿಯು ಫ್ಯಾನ್ ಜೋರಾಗಿ ತಿರುಗುತ್ತದೆ. ಸದ್ದು ಕಡಿಮೆ ಮಾಡಲು ಮಾಡಿಸಿದ ಪೆಟ್ಟಿಗೆಯೇ ಸದ್ದು ಹೆಚ್ಚಿಸಿತ್ತು. ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತಂತೆ ಮುಖಕ್ಕೆ ಝಳ ಹೊಡೆಯಿತು. ಸ್ಕ್ರೀನಿನಲ್ಲಿ ಪ್ರೊಸೆಸರ್ 97 ಡಿಗ್ರಿ, ಹಾರ್ಡ್ ಡಿಸ್ಕ್ 63 ಡಿಗ್ರಿ ತೋರಿಸುತ್ತಿತ್ತು. ಹಾರ್ಡ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿಯೇ ಮಿತಿ. ನೋಡುತ್ತಿದ್ದಂತೆ ಹ್ಯಾಂಗ್ ಆಯಿತು.

ಮತ್ತೆ ಆನ್ ಮಾಡಿದೆ. ಡಿಸ್ಕಿನಿಂದ ಟಕ್, ಟಕ್ ಅಂತ ಸದ್ದು. ಗಾಬರಿಯಲ್ಲಿ ಐದಾರು ಸಲ ಆಫ್ ಮಾಡಿ ಆನ್ ಮಾಡಿದೆ. ಇದನ್ನಂತೂ ಯಾರೂ ಮಾಡಬೇಡಿ. ಆ ಸದ್ದು ಕೇಳಿದ ಕೂಡಲೇ ಕರೆಂಟ್ ತೆಗೆದು ಸುಮ್ನೆ ಇಟ್ಟುಬಿಡಬೇಕು. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆಗೆ ಇನ್ನಷ್ಟು ಗೀರು ಬೀಳಬಹುದು. ಊರಿನ ಅಂಗಡಿಯಲ್ಲಿ ಆಗಲಿಲ್ಲ. ಹೈದರಾಬಾದಿಗೆ ಕಳಿಸಿದೆ. 14ರಲ್ಲಿ 9 ಪದ ಸಿಕ್ಕವು. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲ. ಒಂದು ಪೆನ್‌ಡ್ರೈವ್ ಸಾಕಾಗಿತ್ತು.

ಈಗ ಸಿಪಿಯು ಕೋಣೆಯ ಹೊರಗೆ, ನೆರಳಿರುವ ಪಡಸಾಲೆಯಲ್ಲಿದೆ. ಕಿಟಕಿ ಚೌಕಟ್ಟಿನಲ್ಲಿ ತೂತು ಕೊರೆಸಿ ಕೇಬಲ್ ತಂದಿದ್ದೇನೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು, ಅಳತೆ ತೆಗೆದುಕೊಂಡೇ ಕೊಳ್ಳಿ. ಹೊರಗಿಡಲು ಜಾಗ ಇಲ್ಲದವರು ಮೈಕಿನಿಂದ ಆದಷ್ಟು ದೂರ ಇಡಿ. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ, ಕೋಣೆಯೊಳಗೆ ಅಷ್ಟು ಇಳಿಯುವುದಿಲ್ಲ. ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನು ಹೆಚ್ಚು, ಬೆನ್ನ ಹಿಂದಿನದನ್ನು ತೀರಾ ಕಡಿಮೆ ಹಿಡಿಯುವಂಥದ್ದು) ಆದರೆ ಅದರ ಬೆನ್ನು ಸಿಪಿಯು ಕಡೆಗಿರಲಿ. ಸಣ್ಣ ಫ್ಯಾನ್ ತೆಗೆಸಿ 140 ಮಿಲಿಮೀಟರಿನ ದೊಡ್ಡ ಫ್ಯಾನ್ ಹಾಕಿಸಿದೆ. ದೊಡ್ಡದು ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ನಮ್ಮೂರಿನ ಧೂಳಿಗೆ ತಿಂಗಳಿಗೊಮ್ಮೆ ಬ್ರಷ್ ಹಿಡಿಯಲೇಬೇಕು.

ಇನ್ನೊಂದು ಮಾತು. ಮೈಕ್ ಬಂದ್ ಇದ್ದಾಗಲೂ ಸ್ಪೀಕರಿನಲ್ಲಿ ಹಮ್ ಬರುತ್ತಿದ್ದರೆ ಅದು ಫ್ಯಾನಿನದ್ದಲ್ಲ, ವೈರಿಂಗಿನದ್ದು. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೆ ಹೋಗುತ್ತದೆ ಅಂತ ಒಬ್ಬರು ನನಗೆ ಹೇಳಿದ್ದರು. ಶಾಕ್ ಹೊಡೆದು ಜೀವವೇ ಹೋದೀತು, ಅದಕ್ಕೆ ಕೈ ಹಾಕಬೇಡಿ. ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಆಗಲೂ ಹೋಗದಿದ್ದರೆ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಶ್ರಾವಣದಲ್ಲಿ ಚಿಗವ್ವ ಮತ್ತೆ ಬಂದಿದ್ದಳು. ಬೆಳಗಿನ ಐದಕ್ಕೆ, ತಂಪು ಹೊತ್ತಿನಲ್ಲಿ ಕೂತೆವು. ಹೋದ ಐದರಲ್ಲಿ ಮೂರು ಪದ ಪೂರ್ತಿ ಹಾಡಿದಳು. ನಾಲ್ಕನೆಯದರ ಎರಡು ನುಡಿ ನೆನಪಾದವು. ಐದನೆಯದು ಆಕೆಯ ಅತ್ತೆ ಬೀಸುವಾಗ ಹೇಳುತ್ತಿದ್ದದ್ದು. ಮೊದಲ ಸಾಲು ಎತ್ತಿಕೊಂಡಳು, ಮುಂದಿನದು ಬರಲಿಲ್ಲ. ಅಷ್ಟನ್ನೇ ರೆಕಾರ್ಡ್ ಮಾಡಿ ಎರಡು ಕಡೆ ಕಾಪಿ ಇಟ್ಟಿದ್ದೇನೆ.