ಉತಾರ, ವಾಟ್ನಿ ಪತ್ರ ಮತ್ತು ವಿಂಡೋಸ್ 11ರ ಮರೆಯ ಕೀಲಿಗಳು

ಬಾಗಲಕೋಟೆಯ ನವನಗರದಲ್ಲಿ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ನಡೆಸುವ ನನಗೆ ಕಂಪ್ಯೂಟರ್ ಎಂದರೆ ವಾಟ್ನಿ ಪತ್ರ (ಆಸ್ತಿಯ ಪಾಲು ಹಂಚುವ ಪತ್ರ), ವಂಶಾವಳಿ, ಭೂಪರಿಹಾರದ ಅರ್ಜಿ, ಬಾಡಿಗೆ ಕರಾರುಗಳನ್ನು ದಿನವಿಡೀ ಹೊಡೆಯುವ ಯಂತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ಅಂಗಡಿಯ ಎರಡೂ ಯಂತ್ರಗಳಿಗೆ ವಿಂಡೋಸ್ 11 ಹಾಕಿಸಿದೆ. ಅದರ ಹೊರಗಿನ ಅಂದಚೆಂದ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಮೆನುಗಳಲ್ಲಿ ಎಲ್ಲಿಯೂ ಎದ್ದು ಕಾಣದ ಕೆಲವು ಕೀಲಿಗಳು ಮಾತ್ರ ದಿನದ ದುಡಿಮೆಯನ್ನು ಬಹಳ ಹಗುರ ಮಾಡಿವೆ.

ಅವುಗಳಲ್ಲಿ ಮೊದಲ ಸ್ಥಾನ ವಿಂಡೋಸ್ ಕೀಲಿಯೊಡನೆ ವಿ ಒತ್ತುವುದಕ್ಕೆ ಸಲ್ಲಬೇಕು. ಸಾಮಾನ್ಯ ಕಾಪಿ-ಪೇಸ್ಟ್‌ನಲ್ಲಿ ಕಡೆಯದಾಗಿ ಕಾಪಿ ಮಾಡಿದ್ದು ಮಾತ್ರ ಉಳಿಯುತ್ತದೆ; ಈ ಕೀಲಿ ಒತ್ತಿದರೆ ಹಿಂದೆ ಕಾಪಿ ಮಾಡಿದ 25 ತುಣುಕುಗಳವರೆಗಿನ ಪಟ್ಟಿ ತೆರೆಯುತ್ತದೆ. ಒಂದು ವಾಟ್ನಿ ಪತ್ರದಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರು, ಜಮೀನಿನ ರಿ.ಸ. (ಸರ್ವೆ) ನಂಬರು, ಎಕರೆ-ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಎಲ್ಲವೂ ಪುಟಪುಟಕ್ಕೂ ಮರಳಿ ಬರುತ್ತವೆ. ಮೊದಲು ಪ್ರತಿಯೊಂದಕ್ಕೂ ಮೇಲಕ್ಕೆ ಹೋಗಿ ಕಾಪಿ ಮಾಡಿಕೊಂಡು ಕೆಳಗಿಳಿಯುತ್ತಿದ್ದೆ. ಈಗ ಉತಾರ (ಜಮೀನಿನ ಪಹಣಿ) ನೋಡಿಕೊಂಡು ಎಲ್ಲವನ್ನೂ ಒಮ್ಮೆ ಹೊಡೆದು, ಒಂದೊಂದನ್ನಾಗಿ ಕಾಪಿ ಮಾಡಿಟ್ಟುಕೊಂಡರೆ, ಮುಂದೆ ಬೇಕಾದದ್ದನ್ನು ಪಟ್ಟಿಯಿಂದ ಆರಿಸಿದರಾಯಿತು. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪುವ ಭಯವೂ ಕಡಿಮೆಯಾಯಿತು.

2018ರಲ್ಲಿ ವಿಂಡೋಸ್ 10ರೊಳಗೇ ಬಂದಿದ್ದ ಈ ಅನುಕೂಲ ನನಗೆ ಇಷ್ಟು ತಡವಾಗಿ ತಿಳಿದದ್ದಕ್ಕೆ ಒಂದು ಕಾರಣವಿದೆ. ಇದು ತಾನಾಗಿ ಚಾಲೂ ಆಗಿರುವುದಿಲ್ಲ. ಮೊದಲ ಸಲ ಒತ್ತಿದಾಗ ನಾವೇ ಒಪ್ಪಿಗೆ ಕೊಡಬೇಕು. ಇನ್ನೊಂದು ಸಂಗತಿಯನ್ನು ನಾನು ಪೆಟ್ಟು ತಿಂದು ಕಲಿತೆ. ಯಂತ್ರ ಬಂದ್ ಆಗಿ ಮರಳಿ ಶುರುವಾದರೆ, ಪಿನ್ ಮಾಡದ, ಅಂದರೆ ಪಟ್ಟಿಯಲ್ಲೇ ಉಳಿಯಲೆಂದು ಗುರುತು ಹಾಕದ ತುಣುಕುಗಳೆಲ್ಲ ಅಳಿಸಿಹೋಗುತ್ತವೆ. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಯುಪಿಎಸ್ ಕೂಡ ಕೈಕೊಟ್ಟು ಪಟ್ಟಿ ಖಾಲಿಯಾಯಿತು. ಎದುರಿಗೆ ಕುಳಿತಿದ್ದ ಹಿರಿಯರು, "ಯಾಕ್ರೀ ಸರ್, ಮತ್ತ ಮೊದಲಿಂದ ಹೊಡೀಬೇಕೇನ್ರೀ?" ಎಂದು ಕೇಳಿದಾಗ ಹೌದೆನ್ನದೆ ಗತಿಯಿರಲಿಲ್ಲ. ಹಳೆಯ ಬ್ಯಾಟರಿ ಬದಲಿಸದಿದ್ದದ್ದೂ ಪಿನ್ ಮಾಡದಿದ್ದದ್ದೂ ನನ್ನದೇ ತಪ್ಪು. ಆದರೆ ಕಂಡದ್ದನ್ನೆಲ್ಲ ಪಿನ್ ಮಾಡುವುದೂ ಸಲ್ಲದು. ಪಟ್ಟಿಯನ್ನು ಒಟ್ಟಿಗೆ ಅಳಿಸುವ ಗುಂಡಿ ಒತ್ತಿದರೂ ಪಿನ್ ಮಾಡಿದವು ಉಳಿದೇ ಇರುತ್ತವೆ. ನಾಲ್ಕು ಜನ ಕೈಯಾಡಿಸುವ ಯಂತ್ರದಲ್ಲಿ ಗಿರಾಕಿಯ ಆಧಾರ್ ಸಂಖ್ಯೆ ಹಾಗೆ ಉಳಿಯಬಾರದು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಕುರ್ಚಿಗೆ ಬರುವ ಮುನ್ನ ಪಟ್ಟಿ ಅಳಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಕನ್ನಡದ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಬಾರ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಕ್ಷಣದಲ್ಲಿ ಬದಲಾಗಬಹುದು. ಇಂಗ್ಲಿಷ್ ಅಕ್ಷರ ಹೊಡೆದರೆ ಕನ್ನಡ ಪದ ಮೂಡಿಸುವ ಕೀಲಿಮಣೆಯೂ 2019ರಿಂದ ಒಳಗೇ ಇದೆ. ಹೊಸದಾಗಿ ಕಲಿಯುವವರಿಗೆ ಅದು ಒಳ್ಳೆಯದು, ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿ ವಿನ್ಯಾಸಕ್ಕೆ ಪಳಗಿದ ಬೆರಳುಗಳಿಗೆ ಮಾತ್ರ ಅದು ನಿಧಾನವೆನಿಸುತ್ತದೆ. ಒತ್ತಕ್ಷರವಾಗಬಾರದ ಕಡೆಯಲ್ಲಿ ತೊಡಕು ಇನ್ನೂ ಹೆಚ್ಚು. ಹುಸೇನ್‌ಸಾಬ ಎಂದು ಬರೆಯಹೊರಟರೆ ಅದು ಹುಸೇನ್ಸಾಬ ಆಗಿಬಿಡುತ್ತದೆ, ಗಿರಾಕಿ ಅದನ್ನು ಒಪ್ಪುವುದಿಲ್ಲ. ಇದಕ್ಕೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಒಂದು ಗುಟ್ಟಿದೆ: ಹುಸೇನ್ ಎಂದು ಬರೆದು, ಇಂಗ್ಲಿಷಿಗೆ ಬದಲಿಸಿ, 200 ಎಂಬ ಅಂಕಿಗಳಿಗೆ ತಾಗಿ ಇಂಗ್ಲಿಷಿನ ಸಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಬೇಕು. ಹೊಡೆದ ನಾಲ್ಕೂ ಗುರುತು ಮಾಯವಾಗಿ, ಕಣ್ಣಿಗೆ ಕಾಣದ ಒಂದು ತಡೆ ಅಲ್ಲಿ ಕೂರುತ್ತದೆ. ಮತ್ತೆ ಕನ್ನಡಕ್ಕೆ ಬಂದು ಸಾಬ ಎಂದರೆ ಎರಡೂ ಬಿಡಿಯಾಗಿಯೇ ನಿಲ್ಲುತ್ತವೆ. ಕೆಲಸವೇನೋ ಆಗುತ್ತದೆ, ಆದರೆ ಒಂದು ಹೆಸರಿಗಾಗಿ ಇಷ್ಟು ಕಸರತ್ತು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ.

ರೂಪಾಯಿ ಚಿಹ್ನೆ ಅಷ್ಟು ಕಾಡುವುದಿಲ್ಲ. ಕೀಲಿಮಣೆಯ ಭಾಷೆಯನ್ನು ಭಾರತದ ಇಂಗ್ಲಿಷ್ ಎಂದು ಆರಿಸಿದ್ದರೆ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು 4 ಒತ್ತಿದಾಗ ₹ ಬರುತ್ತದೆ. ಅಮೆರಿಕದ ಇಂಗ್ಲಿಷ್ ಇದ್ದರೆ ಬರುವುದಿಲ್ಲ.

ಸ್ಕ್ಯಾನ್ ಮಾಡಿದ ಕಾಗದಗಳಿಗೆ ಹೆಸರಿಡುವ ಬೇಸರದ ಕೆಲಸಕ್ಕೆ ಎಫ್2 ಒತ್ತುವುದು ಹಲವರಿಗೆ ಗೊತ್ತು. ಹೆಸರು ಹೊಡೆದ ಮೇಲೆ ಎಂಟರ್ ಬದಲು ಟ್ಯಾಬ್ ಒತ್ತಿದರೆ ಮುಂದಿನ ಫೈಲಿನ ಹೆಸರೇ ತಿದ್ದಲು ತೆರೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ನಾನು ತೋರಿಸುವವರೆಗೆ ಅಂಗಡಿಯ ಹುಡುಗರೂ ಅರಿತಿರಲಿಲ್ಲ. ಮೌಸ್ ಮುಟ್ಟದೆ ಸಾಲಾಗಿ ಇಪ್ಪತ್ತು ಉತಾರಗಳಿಗೆ ಹೆಸರಿಡಬಹುದು. ಪರದೆ ಹೆಪ್ಪುಗಟ್ಟಿ ನಿಂತಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮರುಚಾಲನೆಗೊಳ್ಳುತ್ತದೆ, ತೆರೆದ ಕಾಗದಗಳಿಗೆ ಧಕ್ಕೆಯಿಲ್ಲ. ಎಲ್ಲ ಸೆಟ್ಟಿಂಗ್‌ಗಳನ್ನೂ ಒಂದೆಡೆ ತರುವ ಗಾಡ್ ಮೋಡ್ ಫೋಲ್ಡರಿನ ಬಗ್ಗೆ ಬಹಳ ಹೊಗಳಿಕೆ ಕೇಳಿದ್ದೆ. ಮಾಡಿಟ್ಟುಕೊಂಡೆ, ಆಮೇಲೆ ತೆರೆದೇ ಇಲ್ಲ.

ಇಷ್ಟಾದರೂ ಹಳೆಯ ನುಡಿ ಫೈಲುಗಳ ಮುಂದೆ ಈ ಯಾವ ಕೀಲಿಯೂ ನಡೆಯದು. ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತದಲ್ಲಿಲ್ಲದ ಆ ಬರಹವನ್ನು ಕಾಪಿ ಮಾಡಿ ವಾಟ್ಸ್ಯಾಪಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ, ಪರಿವರ್ತಕದಲ್ಲಿ ಹಾಯಿಸಿ ಒಂದೊಂದು ಸಾಲನ್ನೂ ಕಣ್ಣಾರೆ ತಾಳೆ ನೋಡಲೇಬೇಕಾಗುತ್ತದೆ.